ಗ್ರಂಥಾಲಯದ ಬಾಗಿಲಿಗೊಂದು ಬಕೆಟ್ ನೀರು

ಹೂಟಗಳ್ಳಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಶಾಖಾ ಗ್ರಂಥಾಲಯದ ಬೀಗ ತೆಗೆದ ಮಾದೇವಮ್ಮ ಮೊದಲು ಮುಟ್ಟುವುದು ಪುಸ್ತಕವನ್ನಲ್ಲ, ಬಕೆಟ್ಟನ್ನು. ನೀರು ತುಂಬಿ, ಪಕ್ಕದಲ್ಲಿ ಸೋಪಿನ ಪುಡಿ, ತೆಂಗಿನ ನಾರು ಇಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಖಾನೆಯವರು ಬಂದೇಬಿಡುತ್ತಾರೆ. ಗ್ರಂಥಾಲಯಕ್ಕೂ ಸೋಪಿಗೂ ಎಲ್ಲಿಯ ನಂಟು ಎನ್ನುತ್ತೀರಾ? ಈ ಗ್ರಂಥಾಲಯ ಉಳಿದಿರುವುದೇ ಅದರಿಂದ.

ಮಾದೇವಮ್ಮ ಇಲ್ಲಿ ಸಹಾಯಕಿ. ಹೊಸ ಪುಸ್ತಕಕ್ಕೆ ಮುದ್ರೆ ಒತ್ತುವುದು, ಬೆನ್ನಿಗೆ ವಿಷಯದ ಸಂಖ್ಯೆ ಅಂಟಿಸುವುದು, ಎಲ್ಲೆಲ್ಲೋ ತುರುಕಿ ಹೋದದ್ದನ್ನು ಹುಡುಕಿ ಅದರದರ ಜಾಗಕ್ಕೆ ಸೇರಿಸುವುದು, ಎಲ್ಲವನ್ನೂ ಮಾಡಿ ಮಾಡಿಯೇ ಕಲಿತವರು. ಆದರೇನು, ಪೇಪರ್ ಓದುವ ನಾಲ್ಕು ಮಂದಿ ನಿವೃತ್ತರನ್ನು ಬಿಟ್ಟರೆ ನರಪಿಳ್ಳೆಯೂ ಬರುತ್ತಿರಲಿಲ್ಲ. ಯುಗಾದಿಯೊಳಗೆ ಓದುಗರು ಬರದಿದ್ದರೆ ಶಾಖೆ ಮುಚ್ಚಿ, ಪುಸ್ತಕಗಳನ್ನು ಬೇರೆಡೆಗೆ ಸಾಗಿಸುವುದೆಂದು ಮೇಲಿನಿಂದ ಮಾತು ಬಂತು. "ಊಟ ಸೇರ್ಲಿಲ್ಲ ಕಣ್ರೀ. ಮಕ್ಳನ್ನ ಯಾರೋ ಕರ್ಕೊಂಡೋಯ್ತೀನಿ ಅಂದಂಗಾಯ್ತು" ಎನ್ನುತ್ತಾರೆ ಮಾದೇವಮ್ಮ.

ಪಾಳಿ ಬಿಟ್ಟವರಾದರೂ ಬರಲಿ ಎಂದು ಅಪ್ಪಣೆ ಪಡೆದು ನಸುಕಿಗೇ ಬಾಗಿಲು ತೆರೆದರು. ಬಂದರು ನಿಜ, ಹೊಸಿಲು ಮಾತ್ರ ದಾಟಲಿಲ್ಲ. ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದರು. ಒಂದು ದಿನ ಲೇತ್ ಯಂತ್ರದ ಕೆಲಸದ ಗುರುಮಲ್ಲಪ್ಪನವರನ್ನು ತಡೆದು ಕೇಳಿಯೇಬಿಟ್ಟರು: "ಯಾಕಣ್ಣ, ಒಳಿಕೆ ಬರಬಾರ್ದಾ?"

ಅವರು ಗ್ರೀಸು ಮೆತ್ತಿದ ಅಂಗೈ ತೋರಿಸಿದರು. "ಕೊಳೆ ಕೈಲಿ ಪುಸ್ತಕ ಮುಟ್ಬೇಡಿ ಅಂತ ಬೋರ್ಡ್ ಆಕಿದ್ದೀರಲ್ಲಕ್ಕ. ಸರಸ್ವತಿ ಮುಂದೆ ಇಂಥ ಕೈ ಇಟ್ಕೊಂಡು ಎಂಗೆ ನಿಲ್ಲಾದು?"

ಪುಸ್ತಕ ಹಾಳಾಗದಿರಲೆಂದು ಆ ಬೋರ್ಡು ತೂಗುಹಾಕಿದವರು ಸ್ವತಃ ಮಾದೇವಮ್ಮನೇ! "ಕೈಯಾರೆ ನಾನೇ ಬಾಗ್ಲು ಆಕ್ಬುಟ್ಟಿದ್ದೆ" ಎಂದು ಈಗ ನಗುತ್ತಾರೆ. ಅಂದು ನಗಲಿಲ್ಲ. ಬೋರ್ಡು ಕಿತ್ತರು, ಬಕೆಟ್ಟು ಇಟ್ಟರು, ಗುರುಮಲ್ಲಪ್ಪನವರ ಕೈಗೆ ತಾವೇ ಚೊಂಬಿನಿಂದ ನೀರು ಹೊಯ್ದರು. ಇದ್ದಬದ್ದ ಹಳೆಯ ಕ್ಯಾಲೆಂಡರುಗಳಲ್ಲಿ ಪುಸ್ತಕಗಳಿಗೆಲ್ಲ ಬೈಂಡು ಹಾಕಿದರು. ಸುದ್ದಿ ಕಾರ್ಖಾನೆಯಿಂದ ಕಾರ್ಖಾನೆಗೆ ಹಬ್ಬಿತು. ಬೆಳಗಿನ ಹಾಲಿನ ಪ್ಯಾಕೆಟ್ಟಿನ ಜೊತೆ ಪುಸ್ತಕವೂ ಮನೆಗೆ ಹೊರಟಿತು. ಗಂಡ ತಂದದ್ದನ್ನು ಹೆಂಡತಿ ಓದಿ, ಇನ್ನೊಂದು ತನ್ನಿ ಎಂದು ಅಟ್ಟತೊಡಗಿದಳು.

ಇದೆಲ್ಲ ಮೇಲಿನವರ ಕಿವಿಗೆ ಬಿದ್ದಿರಲಿಲ್ಲವೋ ಏನೋ, ಯುಗಾದಿ ಕಳೆದದ್ದೇ ವ್ಯಾನು ಬಂದು ನಿಂತಿತು. ಇಳಿದ ಅಧಿಕಾರಿ ಒಳಗೆ ನೋಡಿದರೆ ಬೆಂಚುಗಳೆಲ್ಲ ಭರ್ತಿ, ಕಪಾಟುಗಳು ಅರ್ಧಕ್ಕರ್ಧ ಖಾಲಿ.

"ಪುಸ್ತಕಗಳೆಲ್ಲಮ್ಮ?"

"ಓದೋರ ಮನೇಲವೆ ಸಾರ್."

ಅಧಿಕಾರಿ ನಕ್ಕು, ಶಾಖೆ ಮುಚ್ಚುವ ಮಾತನ್ನು ಅಲ್ಲೇ ಕೈಬಿಟ್ಟರು. ವ್ಯಾನು ಬಂದ ದಾರಿಗೆ ಸುಂಕವಿಲ್ಲದೆ ಹೊರಟಿತು. ಮಾದೇವಮ್ಮ ಗೇಟಿನವರೆಗೂ ಹೋಗಿ, ಸಂಕೋಚದಿಂದಲೇ ಒಂದು ಮಾತು ಹೇಳಿದರು.

"ಮುಂದಿನ್ ಸಲ ಖಾಲಿ ವ್ಯಾನ್ ತರ್ಬೇಡಿ ಸಾರ್. ಪುಸ್ತಕ ತುಂಬ್ಕೊಂಡು ಬನ್ನಿ."