ಕಾರಿನ ಸ್ಟೀರಿಯೊದಲ್ಲಿ ಕೇಳಿದ ಗದರಿಕೆ

ದೆವ್ವ, ಶಕುನ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ನಡೆದದ್ದನ್ನು ನಡೆದಿಲ್ಲ ಎನ್ನುವುದು ಹೇಗೆ?

ಬ್ಲೂಟೂತ್ ಇನ್ನೂ ಹೊಸದಾಗಿದ್ದ ಕಾಲ. ತುಮಕೂರಿನಲ್ಲಿ ನನ್ನ ಹಳೇ ಕಾರಿಗೆ ಬ್ಲೂಟೂತ್ ಸ್ಟೀರಿಯೊ ಹಾಕಿಸಿ, ಕಿವಿಗೊಂದು ಹೆಡ್‌ಸೆಟ್ಟನ್ನೂ ಕೊಂಡಿದ್ದೆ. ಎರಡಕ್ಕೂ ಎಣ್ಣೆ ಸೀಗೆಕಾಯಿ. ಫೋನು ಒಂದಕ್ಕೆ ಸೇರಿದರೆ ಇನ್ನೊಂದು ಕೈಕೊಡುತ್ತಿತ್ತು. "ಆ ಕಂಪ್ನಿದು ಈ ಸೆಟ್ಟಿಗೆ ಸೂಟಾಗಲ್ಲ ಬುಡಿ ಸಾರ್," ಎಂದು ಅಂಗಡಿಯವನು ಹಲ್ಲುಕಿರಿದ. ಕಿವಿಯ ಗುಗ್ಗೆ ಮೆತ್ತಿಕೊಂಡಿದ್ದ ಆ ಹೆಡ್‌ಸೆಟ್ ಕಂಡರೇ ಅಸಹ್ಯವಾಗಿ, ಚಾರ್ಜನ್ನೂ ಮಾಡದೆ ಡ್ಯಾಶ್‌ಬೋರ್ಡಿನೊಳಗೆ ಬಿಸಾಕಿದ್ದೆ.

ಆಗಲೇ ನನ್ನ ತಂಗಿಗೆ ಕುಣಿಗಲ್ಲಿನ ಸಂಬಂಧ ಬಂತು. ಹೆಣ್ಣು ನೋಡಲು ಗುಬ್ಬಿಯ ನಮ್ಮ ಮನೆಗೆ ಬಂದಾಗ ಹುಡುಗ ತುಟಿ ಬಿಚ್ಚಲಿಲ್ಲ, ಮಾತೆಲ್ಲ ಅವನ ಸೋದರಮಾವನದೇ. ಸಂಕೋಚದ ಹುಡುಗ ಎಂದು ನಾವು ಖುಷಿಪಟ್ಟೆವು. ಇನ್ನುಳಿದದ್ದು ಅವರ ಮನೆ ನೋಡುವ ಶಾಸ್ತ್ರ. ಅಲ್ಲಿ ಕೊಟ್ಟ ಸಿಹಿಯನ್ನು ಬಾಯಿಗಿಟ್ಟರೆ ಹೆಣ್ಣು ಕೊಡಲು ಒಪ್ಪಿದಂತೆಯೇ.

ಮಟಮಟ ಮಧ್ಯಾಹ್ನ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ನನ್ನ ಫೋನ್ ಆಫಾಗಿತ್ತು. ಕುಣಿಗಲ್ ಕೆರೆ ಕಾಣುವ ಹೊತ್ತಿಗೆ ಸ್ಟೀರಿಯೊ ಪರದೆಯ ಮೇಲೆ ಆ ಸತ್ತ ಹೆಡ್‌ಸೆಟ್ಟಿನ ಹೆಸರು ಮೂಡಿತು. ಸ್ಪೀಕರಿನಿಂದ ಒಬ್ಬ ಗಂಡಸಿನ ದನಿ: "ಬಾಯ್ ಮುಚ್ಕೊಂಡ್ ಬಿದ್ದಿರು. ನಿನ್ನ ಯಾವೋನ್ ಕೇಳ್ದ?" ಹಿಂದೆಯೇ ಲೋಟ ಬಿದ್ದ ಸದ್ದು. ಯಾರೋ ಹೆಂಗಸು ಅಳು ನುಂಗಿಕೊಂಡಳು.

"ಥೂ! ಯಾರ್ಲಾ ಅದು? ಏನ್ ಹೊಲಸು ಬಾಯೋ!" ಎಂದರು ಅಮ್ಮ.

"ಯಾವ್ದೋ ರೇಡಿಯೊ ಇರ್ಬೇಕು ಬುಡಮ್ಮ," ಎಂದು ಆರಿಸಿಬಿಟ್ಟೆ.

ಹುಡುಗನ ಮನೆಯಲ್ಲಿ ಜಾಮೂನಿನ ಬಟ್ಟಲು ಕೈಗೆ ಬಂತು. "ಮದ್ವೆ ಆದ್ಮೇಲೂ ಹುಡುಗಿ ಕೆಲ್ಸಕ್ಕೆ ಹೋಗ್ಲಿ ಕಣಮ್ಮ," ಎಂದು ಅವನ ತಾಯಿ ಅಮ್ಮನಿಗೆ ಹೇಳಿ, ಕಾಫಿ ತರಲು ಒಳಗೆ ಹೋದರು. ಹುಡುಗ ಹಿಂದೆಯೇ ಎದ್ದುಹೋದ. ಅಡಿಗೆಮನೆಯಿಂದ ಅದೇ ದನಿ, ಅದೇ ಮಾತು ಕೇಳಿತು. ಲೋಟ ಬಿತ್ತು. ಆ ತಾಯಿ ಅಳು ನುಂಗಿಕೊಂಡರು.

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಬಾಯಿಯ ಹತ್ತಿರ ಬಂದಿದ್ದ ಚಮಚವನ್ನು ಬಟ್ಟಲಿಗೆ ಹಾಕಿದರು. "ಏಳ್ಲಾ, ಹೋಗಾನ."

ಕಾರು ಹತ್ತುವಾಗ ಆ ತಾಯಿ ಬಾಗಿಲಿಗೆ ಬಂದು ನಿಂತರು. ಸೀರೆಯ ಮೇಲೆಲ್ಲ ಕಾಫಿ. "ಒಳ್ಳೇದಾಯ್ತು, ಹೋಗಿ," ಎಂದರು ಮೆಲ್ಲಗೆ.

ತಂಗಿ ಬೇರೆ ಮನೆ ಸೇರಿ ಚೆನ್ನಾಗಿದ್ದಾಳೆ. ಆ ಹೆಡ್‌ಸೆಟ್ಟನ್ನು ಚಾರ್ಜ್ ಮಾಡಿ ಎಷ್ಟು ತಿಣುಕಿದರೂ ಸ್ಟೀರಿಯೊಗೆ ಮತ್ತೆ ಸೇರಲಿಲ್ಲ. ಇನ್ನೂ ಆಡಿರದ ಮಾತು ನಮಗೆ ಮೊದಲೇ ಹೇಗೆ ಕೇಳಿಸಿತೋ, ಇವತ್ತಿಗೂ ಗೊತ್ತಿಲ್ಲ. ನಾವೇನೋ ಎದ್ದು ಬಂದೆವು. ಆ ತಾಯಿ ಎದ್ದು ಎಲ್ಲಿಗೆ ಹೋಗಬೇಕಿತ್ತು? ಥೂ.