ಅಂಗೈ ಮೇಲಿನ ಬಾಳೆಹಣ್ಣು

ರೋಜಾ ಬಡಾವಣೆಯ ಓಣಿಯೊಂದರಲ್ಲಿ ಹಳೆಯ ಕ್ಯಾಮೆರಾ ಮಾರುತ್ತಿದ್ದ ಚಾಚಾ ಕಮಲಾಪುರದವರು. ದಿನಾ ಬಸ್ಸಿಗೆ ಬರುವಾಗ ತಮ್ಮೂರಿನ ಕೆಂಪು ಬಾಳೆಹಣ್ಣೊಂದನ್ನು ಚೀಲದಲ್ಲಿಟ್ಟು ತರುತ್ತಿದ್ದರು. ತಿನ್ನುವುದು ಸಂಜೆಗೆ, ಅಲ್ಲಿಯವರೆಗೆ ಅದು ಕ್ಯಾಮೆರಾಗಳ ಪರೀಕ್ಷೆಗೆ. ಕೊಳ್ಳಲು ಬಂದವರ ಮುಂದೆ ಹಣ್ಣನ್ನು ಅಂಗೈ ಮೇಲಿಟ್ಟು ಹಿಡಿದು, "ತಗೀರಿ ಫೋಟೊ. ಬಣ್ಣ ಇದ್ದಂಗ ಬರ್ಬೇಕು" ಎನ್ನುತ್ತಿದ್ದರು.

ಮೊದಲ ಕ್ಯಾಮೆರಾ ಕೊಳ್ಳಲು ಹೋದ ನನ್ನ ಕಣ್ಣು ಬಿದ್ದದ್ದು ಉದ್ದ ಲೆನ್ಸಿನ ದೊಡ್ಡದೊಂದರ ಮೇಲೆ. ಇದ್ದಬದ್ದ ದುಡ್ಡೆಲ್ಲ ಅದಕ್ಕೇ ಹೋಗುತ್ತಿತ್ತು. ಚಾಚಾ ಬೇಡ ಎನ್ನಲಿಲ್ಲ. ಅದನ್ನು ನನ್ನ ಕೊರಳಿಗೆ ಹಾಕಿ, "ಕೋಟಿ ತನಕ ನಡಕೋತ ಹೋಗಿ ಬಾ ಬೇಟಾ" ಎಂದರು. ನನ್ನ ಹೆಸರನ್ನೂ ಕೇಳಿರಲಿಲ್ಲ.

ಬಿಸಿಲಲ್ಲಿ ಕೋಟೆಯವರೆಗೆ ಹೋಗಿ ಬಂದೆ. ಕತ್ತು ನೋಯುತ್ತಿತ್ತು. ಕುತ್ತಿಗೆಯ ಮೇಲೆ ಪಟ್ಟಿ ಮೂಡಿಸಿದ್ದ ಕೆಂಪು ಗೆರೆಯನ್ನು ಅವರೇ ನೋಡಿ, ಕಪಾಟಿನಿಂದ ಸಣ್ಣದೊಂದನ್ನು ತೆಗೆದರು.

"ಭಾರ ಆದದ್ದು ಮನ್ಯಾಗೇ ಉಳೀತದ. ಇದು ನಿನ್ನ ಸಂಗಾಟ ಬರ್ತದ. ಸಸ್ತಾನೂ ಅದ."

"ಇಷ್ಟು ಸಣ್ಣದು ನೋಡಿದ್ರ ಮಂದಿ ನಗ್ತಾರ, ಚಾಚಾ."

"ನಗ್ಲಿ ಬಿಡು. ನಗೋರ ಫೋಟೊ ಚಲೋ ಬರ್ತಾವ."

ಹಾಗೆಂದು ಬಾಳೆಹಣ್ಣನ್ನು ಅಂಗೈ ಮೇಲಿಟ್ಟು ನನ್ನ ಮುಂದೆ ಚಾಚಿದರು.

ಈಗ ಅಂಗಡಿಯೂ ಇಲ್ಲ, ಚಾಚಾನೂ ಇಲ್ಲ. ಅವರ ಮುಖ ನೆನಪಿಸಿಕೊಳ್ಳಲು ಹೋದರೆ ಮಸುಕು ಮಸುಕಾಗಿ ಬರುತ್ತದೆ. ಆ ಸಣ್ಣ ಕ್ಯಾಮೆರಾದಲ್ಲಿ ತೆಗೆದ ಮೊದಲ ಫೋಟೊ ಮಾತ್ರ ನನ್ನ ಬಳಿ ಇದೆ: ಕೆಂಪು ಬಾಳೆಹಣ್ಣು, ಅದರ ಕೆಳಗೆ ಅವರ ಅಂಗೈ. ಬಣ್ಣ ಇದ್ದ ಹಾಗೇ ಬಂದಿದೆ. ಕ್ಯಾಮೆರಾ ಒಂದಿಷ್ಟು ಮೇಲೆತ್ತಿದ್ದರೆ ಮುಖವೂ ಬರುತ್ತಿತ್ತು.