ಹುಸೇನಮ್ಮ ತುಂಬದ ಬಾಟಲಿ

ಆದೋನಿಯ ಎಮ್ಮಿಗನೂರು ರಸ್ತೆಯಲ್ಲಿ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬ್ ಇದೆ. ಅಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿರುವ ಹುಸೇನಮ್ಮನಿಗೆ ಹೊಳೆಯ ವಿಚಾರದಲ್ಲಿ ಮೂರೇ ಪ್ರಶ್ನೆ ಗೊತ್ತು. ಇದರಲ್ಲಿ ಮನುಷ್ಯ ಮುಳುಗಿ ಏಳಬಹುದೇ? ಮೀನು ಬದುಕಬಹುದೇ? ಆ ಮೀನನ್ನು ಮನುಷ್ಯ ತಿನ್ನಬಹುದೇ? ಎಂಎಸ್ಸಿ ಓದಿ ಬಂದವರು ಇದನ್ನೇ ಹದಿನಾಲ್ಕು ಪುಟ ಬರೆಯುತ್ತಾರೆ. ಬರೆಯಲಿ ಪಾಪ, ಓದಿದ್ದು ದಂಡವಾಗಬಾರದಲ್ಲ.

ಹುಸೇನಮ್ಮ ಲ್ಯಾಬಿಗೆ ಬಂದದ್ದು ಬಾಟಲಿ ತೊಳೆಯುವುದಕ್ಕೆ. ಒಂದು ದಿನ ಹೊಳೆಗೆ ಹೋಗಿ ನೀರು ತರುವ ಮನುಷ್ಯ ಕೈಕೊಟ್ಟ. ಆ ದಿನ ಐಸ್ ಡಬ್ಬಿ ಹೊತ್ತುಕೊಂಡು ಕೌತಾಳಂ ಬಸ್ಸು ಹತ್ತಿದವಳು ಮತ್ತೆ ಆ ಕೆಲಸ ಬಿಡಲಿಲ್ಲ. ತಿಂಗಳಿಗೊಮ್ಮೆ ಬೆಳಗಿನ ಬಸ್ಸು, ಕೌತಾಳಂನಲ್ಲಿ ಆಟೋ, ಆಮೇಲೆ ತುಂಗಭದ್ರೆಯ ದಂಡೆ. ಕಂಡಕ್ಟರು ಪ್ರತಿಸಲವೂ "ಏಮಮ್ಮಾ, ಐಸ್‌ಕ್ರೀಮಾ?" ಅಂತ ಕೇಳುತ್ತಿದ್ದ, ಈಕೆಯೂ ಪ್ರತಿಸಲವೂ "ನಿನ್ನ ಮದಿವಿಗೆ" ಅನ್ನುತ್ತಿದ್ದಳು.

ಕೆಲಸ ಕಂಡಷ್ಟು ಸುಲಭದ್ದಲ್ಲ. ಹೊಲಸಿನ ಹುಳ ನೋಡುವ ಬಾಟಲಿಯನ್ನು ಹೊಳೆಯಲ್ಲಿ ಗಲಬರಿಸಿ ತೊಳೆಯಬಾರದು. ಯಾವ ಹೆಂಗಸಿನ ಕೈಯಾದರೂ ಮೊದಲು ಅದನ್ನೇ ಮಾಡುತ್ತದೆ, ಆ ಕೈಯನ್ನು ತಡೆಯುವುದನ್ನು ಕಲಿಯಲು ಹುಸೇನಮ್ಮನಿಗೆ ಒಂದು ವರ್ಷ ಹಿಡಿಯಿತು. ಎರಡನೆಯದು ಮೀನಿನ ಉಸಿರು ನೋಡುವ ಬಾಟಲಿ. ಅದರಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ದಂಡೆಯಲ್ಲೇ ಎರಡು ಔಷಧ ಹಾಕಬೇಕು. ನೀರಲ್ಲಿ ಉಸಿರಿದ್ದರೆ ಅದು ಕಡಕ್ ಚಹಾದ ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ಮಜ್ಜಿಗೆಯ ಹಾಗೆ ಬೆಳ್ಳಗೇ ಉಳಿಯುತ್ತದೆ. ಮೂರನೆಯದು ಮೀನು. ಅದನ್ನು ಬೆಳ್ಳಿ ಕಾಗದದಲ್ಲಿ ಸುತ್ತಿ, ಐಸಿನಲ್ಲಿಟ್ಟು, ಹೈದರಾಬಾದಿನ ದೊಡ್ಡ ಲ್ಯಾಬಿಗೆ ಕಳಿಸಬೇಕು. ಎಲ್ಲದರ ಚೀಟಿಯ ಮೇಲೂ ತುಂಬಿದವರ ಸಹಿ. ಹುಸೇನಮ್ಮ ತೆಲುಗಿನಲ್ಲಿ "ಹು" ಅಂತ ಒಂದೇ ಅಕ್ಷರ ಬರೆಯುತ್ತಿದ್ದಳು. ಆ ಅಕ್ಷರವಿದ್ದ ಬಾಟಲಿಯನ್ನು ಲ್ಯಾಬಿನಲ್ಲಿ ಯಾರೂ ಅನುಮಾನಪಟ್ಟು ಎರಡನೇ ಸಲ ನೋಡುತ್ತಿರಲಿಲ್ಲ.

ಈ ವರ್ಷ ಸಂಕ್ರಾಂತಿ ಮುಗಿದ ವಾರ ಬಸ್ಸಿನ ಮೆಟ್ಟಿಲಲ್ಲಿ ಜಾರಿ ಹುಸೇನಮ್ಮನ ಮೊಣಕಾಲು ಹೋಯಿತು. ಹೊಳೆಯ ದಂಡೆ ಎರಡಾಳು ಎತ್ತರದ ಇಳಿಜಾರು, ಕೆಳಗೆ ಮರಳು. ಇಳಿದರೆ ಹತ್ತುವ ಹಾಗಿಲ್ಲ. ಲ್ಯಾಬಿನಲ್ಲಿ ಹೇಳಿದರೆ ಬೇರೆಯವರನ್ನು ಕಳಿಸುತ್ತಾರೆ. ಕಳಿಸಿದರೆ ಮತ್ತೆ ಬಾಟಲಿ ತೊಳೆಯುವ ನಲ್ಲಿಯೇ ಗತಿ.

ದಂಡೆಯ ಮೇಲೆ ಅಂಬಮ್ಮನ ಗುಡಿಸಲಿತ್ತು. ಗಂಡ ಬಲೆ ಹಾಕುತ್ತಿದ್ದ, ಆಕೆ ಮೀನು ಮಾರುತ್ತಿದ್ದಳು. ಹುಸೇನಮ್ಮ ಮೀನು ಕೊಳ್ಳುತ್ತಿದ್ದುದು ಆಕೆಯ ಹತ್ತಿರವೇ. ಕುಂಟುತ್ತ ಬಂದವಳನ್ನು ನೋಡಿ ಅಂಬಮ್ಮ, "ಕುಂದ್ರಕ್ಕಾ, ನಾ ತುಂಬ್ಕೊಂಡು ಬರ್ತೀನಿ. ನೀರೇನು, ಬಂಗಾರೇನು?" ಅಂದಳು.

ಹುಸೇನಮ್ಮ ಎಲ್ಲವನ್ನೂ ಹೇಳಿಕೊಟ್ಟಳು. ಗಲಬರಿಸಬೇಡ, ಬಾಯಿಗೆ ಬೆರಳು ತಾಗಿಸಬೇಡ, ನೀರಿನೊಳಗೇ ಮುಚ್ಚಳ ತೆಗಿ. ಜನವರಿ, ಫೆಬ್ರವರಿ, ಮಾರ್ಚ್ ಮೂರು ಸಲವೂ ಅಂಬಮ್ಮ ಇಳಿದಳು, ಈಕೆ ಮೇಲೆ ಜಾಲಿ ಮರದ ನೆರಳಲ್ಲಿ ಕೂತು ಔಷಧ ಹಾಕಿ "ಹು" ಅಂತ ಬರೆದಳು. ಮೂರು ಸಲವೂ ಬಣ್ಣ ಮಜ್ಜಿಗೆಯಾಯಿತು. ಔಷಧ ಹಳೇದಾಗಿರಬೇಕು ಅಂದುಕೊಂಡಳು. ಅಂದುಕೊಂಡಳೇ ಹೊರತು ಯಾರಿಗೂ ಹೇಳಲಿಲ್ಲ, ಹೇಳಿದರೆ ಹೊಳೆಗೆ ಇಳಿದದ್ದು ಯಾರು ಅನ್ನುವ ಪ್ರಶ್ನೆ ಬರುತ್ತಿತ್ತು.

ಆ ದಂಡೆಯಲ್ಲಿ ಎರಡು ವರ್ಷದಿಂದ ಕೆಂಪು ಬೋರ್ಡು ನಿಂತಿತ್ತು. ಒಂದು ಬೇಸಿಗೆಯಲ್ಲಿ ಈಜಿದ ಮಕ್ಕಳೆಲ್ಲ ವಾಂತಿಭೇದಿ ಹತ್ತಿ ಮಲಗಿದ ಮೇಲೆ ಪಂಚಾಯಿತಿಯವರು ನೆಟ್ಟದ್ದು. ಮೂರು ತಿಂಗಳು ಎಡೆಬಿಡದೆ ನೀರು ಚೊಕ್ಕ ಬಂದರೆ ಹಸಿರು ಬೋರ್ಡು ಹಾಕಿ ಸ್ನಾನಕ್ಕೆ ಬಿಡಬಹುದು ಅಂತ ಕರಾರು. ಯುಗಾದಿ ಅಮಾವಾಸ್ಯೆ ಹತ್ತಿರ ಬಂದಿತ್ತು, ಅಂದು ಸುತ್ತಲಿನ ಊರೆಲ್ಲ ಹೊಳೆಗೆ ಬರುತ್ತದೆ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಲ್ಯಾಬಿನ ಯಜಮಾನ ಹಾಲೇಶ್ ರಿಪೋರ್ಟು ಹಿಡಿದುಕೊಂಡು ನಗುತ್ತ ಬಂದ.

"ಹುಸೇನಮ್ಮಾ, ನಿನ್ನ ಹೊಳಿ ವಿಚಿತ್ರ ಐತಿ ನೋಡು. ಹೊಲಸು ಒಂದು ಚೂರಿಲ್ಲ, ಮನಿಷಾ ಮುಳುಗಬೌದು. ಆದ್ರ ಆಕ್ಸಿಜನ್ನೂ ಇಲ್ಲ, ಮೀನು ಬದಕಂಗಿಲ್ಲ. ಮೀನೆಲ್ಲ ಬಸ್ ಹತ್ತಿ ಬಳ್ಳಾರಿಗೆ ಹೋಗ್ಯಾವೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಹುಸೇನಮ್ಮನ ಕೈ ಮೊಣಕಾಲಿಗೆ ಹೋಯಿತು. "ಬೋರ್ಡು, ಸಾರ್?" ಅಂದಳು.

"ಸ್ನಾನಕ್ಕ ಚಲೋ ಐತಲ್ಲ, ಬರೆದು ಕಳಿಸೀನಿ. ನಾಳಿ ಹಸಿರು ಬೋರ್ಡ್ ನೆಡ್ತಾರ."

ಸಂಜೆಯವರೆಗೆ ಹುಸೇನಮ್ಮ ಒಂದೇ ಬಾಟಲಿಯನ್ನು ನಾಲ್ಕು ಸಲ ತೊಳೆದಳು. ಹೋದ ವಾರ ಅಂಬಮ್ಮನ ಬುಟ್ಟಿಯಲ್ಲಿ ಮೀನು ಪಟಪಟ ಬಡಿದುಕೊಳ್ಳುತ್ತಿದ್ದವು. ಹೊಳೆಯಲ್ಲಿ ಉಸಿರಿಲ್ಲದಿದ್ದರೆ ಅವು ಎಲ್ಲಿಂದ ಬಂದವು? ಹೊಲಸೂ ಇಲ್ಲದ, ಉಸಿರೂ ಇಲ್ಲದ ನೀರು ಆ ದಂಡೆಯಲ್ಲಿ ಎಲ್ಲಿದೆ? ಯೋಚಿಸುತ್ತಿದ್ದ ಹಾಗೆ ಬಾಯಲ್ಲಿ ಒಂದು ತಂಪು ನೆನಪಾಯಿತು. ಪ್ರತಿ ತಿಂಗಳೂ ಅಂಬಮ್ಮ ಆಕೆಗೆ ಕುಡಿಯಲು ಒಂದು ಚೆಂಬು ನೀರು ಕೊಡುತ್ತಿದ್ದಳು, ದಂಡೆಯ ಮರಳು ತೋಡಿ, ಜಿನುಗಿದ ನೀರನ್ನು ಚಿಪ್ಪಿನಿಂದ ಮೊಗೆದು. ಒರತೆಯ ನೀರು. ಬಾಟಲಿಗೂ ಅದನ್ನೇ ತುಂಬಿದ್ದಳೇ?

ಆಕೆಯ ಮಗಳು ಲಾವಣ್ಯ ಕೌತಾಳಂನಲ್ಲಿ ಗಂಡನ ಮನೆಯಲ್ಲಿದ್ದಳು. ಎಂಟು ತಿಂಗಳಿಗೇ ಹುಟ್ಟಿದ ಕೂಸು ಬದುಕಿದರೆ ಹೊಳೆಯಲ್ಲಿ ಮುಳುಗಿಸುತ್ತೇನೆ ಅಂತ ಹರಕೆ ಹೊತ್ತಿದ್ದಳು. ಕೂಸಿಗೆ ಈಗ ಏಳು ತಿಂಗಳು. ಬೋರ್ಡು ಯಾವಾಗ ಹಸಿರಾಗುತ್ತದೋ ಅಂತ ಕಾದಿದ್ದಳು.

"ಈ ಅಮಾಸಿ ಬ್ಯಾಡವ್ವಾ" ಅಂತ ಹುಸೇನಮ್ಮ ಫೋನಿನಲ್ಲಿ ಅಂದಳು.

"ಯಾಕ? ನಿನ್ನ ಲ್ಯಾಬೇ ಚಲೋ ಐತಿ ಅಂದೈತಂತ. ನೀರು ನೀನೇ ತುಂಬೀದಿ ಹೌದಿಲ್ಲೋ?"

"ಹ್ಞೂಂ" ಅಂದಳು ಹುಸೇನಮ್ಮ. ಹನ್ನೊಂದು ವರ್ಷದ ಹೆಸರು ಆಕೆಯ ಬಾಯಿಂದ ಆ ಮಾತು ಆಡಿಸಿತು. ಫೋನಿಟ್ಟ ಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮರುದಿನ ಬಾಟಲಿ ಕಟ್ಟಿಕೊಂಡು ದಂಡೆಗೆ ಹೋದಳು. ಅಂಬಮ್ಮನನ್ನು ನೇರವಾಗಿ ಕೇಳಿದಳು. ಅಂಬಮ್ಮ ಹೆದರಲಿಲ್ಲ, ಬದಲಿಗೆ ಬೇಸರಪಟ್ಟಳು.

"ಮತ್ತೆಲ್ಲಿಂದ ತುಂಬಲೆಕ್ಕಾ? ಹರಿಯೋ ನೀರಾಗ ಊರ ಹೊಲಸೆಲ್ಲ ಬರ್ತೈತಿ. ಅಷ್ಟು ದೂರದಿಂದ ಬರ್ತೀ, ಐಸಿನ್ಯಾಗ ಇಟ್ಕೊಂಡು ಒಯ್ತೀ. ಯಾರೋ ದೊಡ್ಡ ಮನಿಷಾರು ಕುಡಿತಾರ ಅಂದ್ಕೊಂಡಿದ್ದೆ. ಬಂದೋರ ಕೈಯಾಗ ಹೊಲಸು ನೀರು ಕೊಡ್ತಾರೇನು?"

ತಪ್ಪು ಹುಸೇನಮ್ಮನದೇ. ಬಾಟಲಿ ಹೇಗೆ ಹಿಡಿಯಬೇಕೆಂದು ಕಲಿಸಿದ್ದಳು, ಏತಕ್ಕೆ ಅಂತ ಹೇಳಿರಲಿಲ್ಲ. ಅಂಡಿನ ಮೇಲೆ ಕೂತು, ಜರುಗುತ್ತ ಜರುಗುತ್ತ ಇಳಿದಳು. ಹರಿಯುವ ನೀರಿಗೆ ತೊಡೆಮಟ್ಟ ನಡೆದು ತಾನೇ ತುಂಬಿದಳು. ಉಸಿರಿನ ಬಾಟಲಿ ಒಂದನ್ನು ಒರತೆಯಿಂದಲೂ ತುಂಬಿದಳು. ಔಷಧ ಹಾಕಿದಾಗ ಹೊಳೆಯದು ಚಹಾ, ಒರತೆಯದು ಮಜ್ಜಿಗೆ. ಔಷಧ ಹಳೇದಾಗಿರಲಿಲ್ಲ.

ಅಂಬಮ್ಮನ ಹೆಗಲು ಹಿಡಿದು ದಂಡೆ ಹತ್ತಿ, ಲ್ಯಾಬಿಗೆ ಬಂದು ಎರಡನ್ನೂ ಹಾಲೇಶನ ಮೇಜಿನ ಮೇಲಿಟ್ಟಳು. "ಮೂರು ತಿಂಗಳು ನಾ ಇಳಿದಿಲ್ರಿ. ಸಹಿ ನಂದು, ನೀರು ನಂದಲ್ಲ" ಅಂದಳು.

ಹಾಲೇಶ್ ಚಹಾದ ಬಣ್ಣದ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಹೊಲಸಿನ ಟೆಸ್ಟ್ ಎರಡು ದಿನ ಬೇಕು, ಗೊತ್ತೈತಲ್ಲ? ಅಮಾಸಿ ನಾಳಿಗೈತಿ" ಅಂದ. ಅಂದವನು ಪಂಚಾಯಿತಿಗೆ ಫೋನು ಮಾಡಿದ. ಬೋರ್ಡು ಆಗಲೇ ನೆಟ್ಟಿದ್ದರು. ಪರೀಕ್ಷೆ ಮುಗಿಯದೆ ಮತ್ತೆ ಕೀಳುವುದಿಲ್ಲ ಅಂದರಂತೆ.

ಮನೆಗೆ ಬಂದು ಹುಸೇನಮ್ಮ ಲಾವಣ್ಯಳಿಗೆ ಏಳು ಸಲ ಫೋನು ಮಾಡಿದಳು, ಆಕೆ ಎತ್ತಲಿಲ್ಲ. ಅವ್ವ ಮತ್ತೆ ಬ್ಯಾಡ ಅಂತಾಳೆ ಅಂತ ಬೇಕೆಂದೇ ಎತ್ತಿರಲಿಲ್ಲ.

ಅಮಾವಾಸ್ಯೆಯ ದಿನ ಬಸ್ಸೆಲ್ಲ ತುಂಬಿ ತುಳುಕುತ್ತಿದ್ದವು. ಹುಸೇನಮ್ಮ ಹತ್ತಿದ ಬಸ್ಸು ಊರೂರಿಗೆ ನಿಂತಿತು. ನಿಂತಾಗಲೆಲ್ಲ ಕೂಸಿನ ಪುಟ್ಟ ಬಾಯಿ ನೀರೊಳಗೆ ತೆರೆಯುವುದು ಕಣ್ಣಿಗೆ ಕಟ್ಟುತ್ತಿತ್ತು. ಹರಕೆಯ ಮುಳುಗು ಒಂದಲ್ಲ, ಮೂರು. ಆಕೆಗೆ ಗೊತ್ತಿದ್ದ ದೇವರ ಹೆಸರೆಲ್ಲ ಕೌತಾಳಂ ಬರುವ ಮೊದಲೇ ಮುಗಿದವು.

ದಂಡೆಯಲ್ಲಿ ನೂರಾರು ಜನ. ಹೊಸ ಬೋರ್ಡಿನ ಹಸಿರು ಬಣ್ಣ ಇನ್ನೂ ವಾಸನೆ ಬೀರುತ್ತಿತ್ತು. ಕೆಳಗೆ ಮೊಣಕಾಲುಮಟ್ಟ ನೀರಲ್ಲಿ ಲಾವಣ್ಯ ನಿಂತಿದ್ದಳು. ಕೂಸಿನ ಮೈಗೆ ಅರಿಷಿಣ ಹಚ್ಚಿ, ಬಟ್ಟೆ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.

"ಲಾವಣ್ಯಾ! ಮುಳುಗಿಸಬ್ಯಾಡ!"

ಮಗಳು ತಿರುಗಿ ನೋಡಿದಳು. "ಏನವ್ವಾ ನಿಂದು? ಬೋರ್ಡು ಕಾಣವಲ್ದಾ? ನೀನೇ ತುಂಬಿದ ನೀರು!"

ಮೇಲೆ ನಿಂತು ಗುಟ್ಟಾಗಿ ಹೇಳುವ ಮಾತು ಅದಾಗಿರಲಿಲ್ಲ. ಹುಸೇನಮ್ಮ ಗಂಟಲು ಹರಿಯುವಂತೆ ಕೂಗಿದಳು. "ನಾ ತುಂಬಿಲ್ಲ! ಸುಳ್ಳು ಹೇಳಿದ್ದೆ! ಅದು ಒರತಿ ನೀರು, ಹೊಳಿ ನೀರಲ್ಲ! ಎಲ್ಲಾರೂ ಕೇಳ್ರಿ, ಈ ಬೋರ್ಡು ಸುಳ್ಳೈತಿ!"

ಜನ ತಿರುಗಿ ನೋಡಿದರು. ಕೆಲವರು ನಕ್ಕರು. ಒಬ್ಬ "ಪಿಚ್ಚಿದಿರಾ" ಅಂದ, ಹುಚ್ಚಿ ಅಂತ. ಕೆಲವರು ಮಾತ್ರ ಮಕ್ಕಳನ್ನು ಎಳೆದುಕೊಂಡು ಮೇಲೆ ಬಂದರು. ಲಾವಣ್ಯಳ ಕೈ ಗಾಳಿಯಲ್ಲೇ ನಿಂತಿತ್ತು. ತಾಯಿಯ ಮುಖವನ್ನು ಒಂದು ಕ್ಷಣ ನೋಡಿ, ಕೂಸನ್ನು ಎದೆಗೆ ಒತ್ತಿಕೊಂಡು ನೀರಿನಿಂದ ಹೊರಗೆ ಬಂದಳು. ಅಷ್ಟರಲ್ಲಿ ಅಂಬಮ್ಮ ಒಂದು ಕೊಡ ಹೊತ್ತು ಬಂದಳು. "ಹರಕಿ ತಪ್ಪಬಾರ್ದು. ಇದೂ ಗಂಗಮ್ಮನೇ, ಮರಳಾಗ ಸೋಸಿ ಬಂದಾಳ" ಅಂದಳು. ಮೂರು ಚೆಂಬು ಒರತೆಯ ನೀರನ್ನು ಕೂಸಿನ ಮೇಲೆ ಸುರಿದರು. ಕೂಸು ಕಿಟಾರನೆ ಅತ್ತಿತು. ಲಾವಣ್ಯ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ತಾಯಿಯನ್ನು ಅಲ್ಲೇ ಬಿಟ್ಟು ನಡೆದಳು.

ಅಮಾವಾಸ್ಯೆಯ ಮರುದಿನ ಪರೀಕ್ಷೆ ಮುಗಿಯಿತು. ಹುಸೇನಮ್ಮ ತುಂಬಿದ ನೀರು ಹಾಕಿದ ಕೊಳವೆಗಳಲ್ಲಿ ಒಂದೂ ತಿಳಿಯಾಗಿರಲಿಲ್ಲ. ಎಲ್ಲವೂ ಬಗ್ಗಡವಾಗಿ, ಹೊಲಸಿನ ಗುರುತಾಗಿ ಗುಳ್ಳೆ ಎದ್ದಿದ್ದವು. ಕೆಂಪು ಬೋರ್ಡು ಮತ್ತೆ ಬಂತು, ಆದರೆ ಆಗಲೇ ಮುಳುಗಿದವರ ಪೈಕಿ ಕೆಲವು ಮನೆಗಳಲ್ಲಿ ಮಕ್ಕಳು ಮಲಗಿದ್ದರು. ಪುಣ್ಯಕ್ಕೆ ಎಲ್ಲರೂ ಎದ್ದರು. ಎದ್ದರು ಅಂತ ಕೇಳುವವರೆಗೆ ಹುಸೇನಮ್ಮನಿಗೆ ಅನ್ನ ಇಳಿಯಲಿಲ್ಲ.

ಹಾಲೇಶ್ ಆಕೆಯನ್ನು ಕೆಲಸದಿಂದ ಬಿಡಿಸಲಿಲ್ಲ, ಹೊಳೆಯಿಂದ ಬಿಡಿಸಿದ. ಈಗ ಮತ್ತೆ ನಲ್ಲಿ, ಮತ್ತೆ ಬಾಟಲಿ. ಹೊಳೆಗೆ ಹೋಗುವವಳು ಮಂಗಳಾ ಅಂತ, ಆಸ್ಪರಿ ಕಡೆಯ ಹುಡುಗಿ, ಡಿಗ್ರಿ ಓದಿದವಳು, ಚುರುಕು. ಮೊದಲ ದಿನ ಬೆಳಿಗ್ಗೆ ಹುಸೇನಮ್ಮ ಡಬ್ಬಿಗೆ ಐಸು ತುಂಬಿ, ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಒಳಗಿಟ್ಟಳು. "ಎಲ್ಲಾ ಗೊತ್ತೈತ್ರಿ ಅಕ್ಕಾ, ಸಾರ್ ಹೇಳ್ಯಾರ" ಅಂದಳು ಮಂಗಳಾ, ಬಸ್ಸಿನ ಅವಸರದಲ್ಲಿ.

ಹುಸೇನಮ್ಮ ಡಬ್ಬಿಯ ಹಿಡಿಕೆ ಬಿಡಲಿಲ್ಲ.

"ಒಂದು ಮಾತು ಕೇಳು ತಂಗಿ. ಒಳ್ಳೆ ನೀರು ತರಬ್ಯಾಡ. ಇದ್ದ ನೀರು ತಾ."